ಮನ್ಯಾಗ ಸಾಹೇಬ್ರು ಇಲ್ಲೇನ್ರಿ?

ನಮ್ಮ ಮನೆಗೆ ಇಂಟರ್‌ನೆಟ್ ಬಂದದ್ದು 2021ರ ಜುಲೈ ತಿಂಗಳಲ್ಲಿ. ಅರ್ಜಿ ನನ್ನ ಹೆಸರಿನಲ್ಲಿ, ಆಧಾರ್ ಕಾರ್ಡು ನನ್ನದು, ತಿಂಗಳ ಬಾಡಿಗೆ ಹೋಗುವುದು ನನ್ನ ಪಗಾರದ ಖಾತೆಯಿಂದ. ನವಲಗುಂದದ ನಮ್ಮ ಓಣಿಯ ಕಂಬದಿಂದ ಕರಿಯ ವೈರು ಎಳೆದು, ಪಡಸಾಲೆಯ ಗೋಡೆಗೆ ತೂತು ಹೊಡೆದು, ಟಿ.ವಿ.ಯ ಪಕ್ಕದಲ್ಲಿ ಒಂದು ಬಿಳಿಯ ಡಬ್ಬಿಯನ್ನು ತೂಗುಹಾಕಿದ ಹುಡುಗ, ಕೆಲಸ ಮುಗಿಸಿ ನಾನು ಕೊಟ್ಟ ಚಹಾ ಕುಡಿದು ನನ್ನನ್ನು ಕೇಳಿದ:

"ಅಕ್ಕಾರ, ಮನ್ಯಾಗ ಸಾಹೇಬ್ರು ಇಲ್ಲೇನ್ರಿ?"

"ಹೊಲಕ್ಕ ಹೋಗ್ಯಾರ. ಯಾಕಪಾ?"

"ಏನಿಲ್ರಿ, ಪಾಸ್‌ವರ್ಡ್ ಹೇಳೂದಿತ್ರಿ."

"ನನಗ ಹೇಳು, ಬರಕೋತೀನಿ."

"ಇರ್ಲಿ ಬಿಡ್ರಿ. ಸಂಜಿಗೆ ಸಾಹೇಬ್ರಿಗೇ ಫೋನ್ ಮಾಡಿ ಹೇಳ್ತೀನ್ರಿ."

ಆಗಲೇ ಇಪ್ಪತ್ತೈದು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿದ್ದೆ. ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆ ತಿದ್ದಿದ್ದೆ, ಮತಗಟ್ಟೆಯಲ್ಲಿ ಕೂತು ಮತಯಂತ್ರಕ್ಕೆ ಮುದ್ರೆ ಹಾಕಿದ್ದೆ. ಅಂಥವಳಿಗೆ ಎಂಟು ಅಕ್ಷರ ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ಅವನೇನು ಕೆಟ್ಟ ಹುಡುಗನಲ್ಲ. ಮರ್ಯಾದಸ್ತ. ಚಹಾ ಕುಡಿದ ಕಪ್ಪನ್ನು ತಾನೇ ಒಯ್ದು ಬಚ್ಚಲ ಕಟ್ಟೆಯ ಮೇಲಿಟ್ಟ. ಕೆಟ್ಟವನಾಗಿದ್ದರೆ ಜಗಳವಾದರೂ ತೆಗೆಯಬಹುದಿತ್ತು.

ಸಂಜೆ ಫೋನು ಬಂತು. ನಮ್ಮವರು "ಹೂಂ, ಹೂಂ" ಎನ್ನುತ್ತ ಗೊಬ್ಬರದ ಅಂಗಡಿಯ ಪಾವತಿಯ ಹಿಂದುಗಡೆ ಬರೆದುಕೊಂಡರು. ಆ ಪಾವತಿ ಎಲ್ಲಿ ಹೋಯಿತೋ ಇವತ್ತಿನವರೆಗೂ ಸಿಕ್ಕಿಲ್ಲ.

ನಮ್ಮ ಅತ್ತೆಯವರಿಗೆ ಓದು ಬರೆಹ ಬರುತ್ತಿರಲಿಲ್ಲ. ಆದರೆ ಅವರ ಸೊಂಟದಲ್ಲಿ ಕೀಲಿಕೈಗಳ ಗೊಂಚಲು ಇರುತ್ತಿತ್ತು. ಕಾಳಿನ ಕೋಣೆಯದು, ತಿಜೋರಿಯದು, ಬೆಣ್ಣೆ ತುಪ್ಪದ ಕಪಾಟಿನದು. ಹಗೇವಿನ ಬಾಯಿ ತೆರೆಯಬೇಕಾದರೂ ಮಾವನವರು "ತಗೀಲ್ಯಾ?" ಎಂದು ಒಂದು ಮಾತು ಕೇಳಿಯೇ ಆಳುಗಳನ್ನು ಇಳಿಸುತ್ತಿದ್ದರು. ಅತ್ತೆಯವರು ತೀರಿಕೊಂಡ ಮೇಲೆ ಆ ಗೊಂಚಲು ನನಗೆ ಬಂತು. ಈಗ ಅದರಿಂದ ತೆರೆಯುವಂಥದ್ದು ಮನೆಯಲ್ಲಿ ಹೆಚ್ಚೇನೂ ಉಳಿದಿಲ್ಲ. ಈಗಿನ ಮನೆಯ ಕಣಜ ಗೋಡೆಯ ಮೇಲೆ ಹಸಿರು ದೀಪ ಮಿಣುಕಿಸುತ್ತ ಕೂತಿದೆ. ಮಗ ಪಗಾರದಲ್ಲಿ ಪಾಲು ಕಳಿಸುವುದು ಅದರಿಂದ, ನನ್ನ ಸಾಲೆಯ ಮಕ್ಕಳ ಹೆಸರು ಸರ್ಕಾರಕ್ಕೆ ತಲುಪುವುದು ಅದರಿಂದ, ಕರೆಂಟ್ ಬಿಲ್ಲು, ಗ್ಯಾಸಿನ ಬುಕಿಂಗು ಎಲ್ಲವೂ ಅದರಿಂದ. ಅದರ ಕೀಲಿಕೈ ಮಾತ್ರ ಗೊಬ್ಬರದ ಅಂಗಡಿಯ ಪಾವತಿಯಲ್ಲಿ. ಅನಕ್ಷರಸ್ಥ ಅತ್ತೆಗೆ ಇದ್ದ ಅಧಿಕಾರ ಬಿ.ಎ., ಬಿ.ಎಡ್. ಸೊಸೆಗೆ ಇಲ್ಲವಾದದ್ದು ಹೇಗೆ ಎಂಬುದೇ ನನ್ನ ತಕರಾರು.

ಮರುವರ್ಷ ಶ್ರಾವಣದಲ್ಲಿ ಒಂದು ಸಂಜೆ ನೆಟ್ಟು ಬಹಳ ನಿಧಾನವಾಯಿತು. ನಾನು ಡಬ್ಬಿಯ ಹತ್ತಿರ ಹೋದರೆ ನಮ್ಮವರು, "ನೀ ಮುಟಬ್ಯಾಡ, ಸುಟ್ಟಗಿಟ್ಟೀತು" ಎಂದರು. ಹಾಗೆಂದವರು ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನನ್ನೇ ಇಸಿದುಕೊಂಡು, ಡಬ್ಬಿಯ ಬೆನ್ನಿನಲ್ಲಿದ್ದ ಒಂದು ಸಣ್ಣ ತೂತಿನೊಳಗೆ ಚುಚ್ಚಿ ಹತ್ತು ಎಣಿಸುವವರೆಗೆ ಒತ್ತಿ ಹಿಡಿದರು. ಹಾಗೆ ಮಾಡಿದರೆ ಸರಿಹೋಗುತ್ತದೆಂದು ಯಾರೋ ಕಟ್ಟೆಯ ಮೇಲೆ ಹೇಳಿದ್ದರಂತೆ. ನಿಮ್ಮ ಮನೆಯಲ್ಲೂ ಆ ತೂತು ಇದೆ. ದಯವಿಟ್ಟು ಯಾರನ್ನೂ ಅದರ ಹತ್ತಿರ ಬಿಡಬೇಡಿ. ಡಬ್ಬಿಯ ಕರೆಂಟು ಆರಿಸಿ ಎರಡು ನಿಮಿಷ ಬಿಟ್ಟು ಹಾಕಿದರೆ ಏನೂ ಕೆಡುವುದಿಲ್ಲ, ಎಷ್ಟೋ ಸಲ ಅಷ್ಟರಿಂದಲೇ ಸರಿಹೋಗುತ್ತದೆ. ಆ ತೂತಿನೊಳಗೆ ಒತ್ತಿದರೆ ಮಾತ್ರ ಡಬ್ಬಿ ತನಗೆ ಹೇಳಿಕೊಟ್ಟದ್ದನ್ನೆಲ್ಲ ಮರೆತು, ಕಾರ್ಖಾನೆಯಿಂದ ಅಂದೇ ಬಂದ ಕೂಸಾಗುತ್ತದೆ.

ಐದು ದಿನ ನೆಟ್ಟಿಲ್ಲ. ಮಕ್ಕಳ ದಾಖಲಾತಿಯನ್ನು ಗಣಕದಲ್ಲಿ ತುಂಬಬೇಕಾದ ಕೊನೆಯ ವಾರ ಅದು. ದಿನಾ ಸಂಜೆ ಝೆರಾಕ್ಸ್ ಅಂಗಡಿಯಲ್ಲಿ ಕೂತು, ಹಿಂದೆ ನಿಂತ ನಾಲ್ಕು ಗಂಡಸರ ಕಣ್ಣಮುಂದೆ ನನ್ನ ಸಾಲೆಯ ಗುಪ್ತ ಸಂಕೇತ ಒತ್ತಿ ಕೆಲಸ ಮಾಡಿದೆ. ವೈರು ಹಾಕಿದ ಹುಡುಗ ಆ ಕೆಲಸ ಬಿಟ್ಟಿದ್ದ. ಕಂಪನಿಗೆ ಫೋನು ಮಾಡಿದರೆ ಒಂದು ಒತ್ತಿರಿ, ಎರಡು ಒತ್ತಿರಿ. ಕೊನೆಗೆ ಸಿಕ್ಕ ಹೆಣ್ಣುಮಗಳು ಚೆಂದಾಗಿ ಕನ್ನಡದಲ್ಲೇ ಮಾತಾಡಿ, "ಮೇಡಂ, ನೋಂದಣಿಯಾದ ಮೊಬೈಲಿಗೆ ಒಂದು ಓಟಿಪಿ ಬಂದಿದೆ, ಹೇಳಿ" ಎಂದಳು. ನೋಂದಣಿಯಾದ ಮೊಬೈಲು ನನ್ನದಲ್ಲ! ಅರ್ಜಿ ತುಂಬಿದ ಹುಡುಗ ಸಾಹೇಬರ ನಂಬರು ಬರೆದಿದ್ದಾನೆ. ಸಾಹೇಬರು ಹೊಲದಲ್ಲಿ, ಹೆಸರು ಬಿಡಿಸುವ ಆಳುಗಳ ಜೊತೆ. ನಾನು ಅವರಿಗೆ ಫೋನು ಹಚ್ಚಿ, ಅವರು ಚಷ್ಮಾ ಹುಡುಕಿ, ಅಂಕಿ ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಹೀಗೆ ಮೂರು ಸಲ.

ನಾಲ್ಕನೆಯ ಸಲ ನಮ್ಮವರನ್ನು ಹೊಲಕ್ಕೆ ಬಿಡದೆ ಪಕ್ಕದಲ್ಲೇ ಕೂಡಿಸಿಕೊಂಡೆ. ಒಂದು ಯೂಸರ್‌ನೇಮು, ಒಂದು ಪಾಸ್‌ವರ್ಡು, ವಿಲ್ಯಾನ್ ಎಂಬ ಒಂದು ಅಂಕಿ ಫೋನಿಗೆ ಬಂದವು. "ಯಾರಾದರೂ ತಿಳಿದವರ ಕೈಲಿ ಹಾಕಿಸಿಕೊಳ್ಳಿ ಮೇಡಂ" ಎಂದಳು ಆಕೆ. ಆ ಮಾತಿಗೆ ನನಗೆ ಸಿಟ್ಟು ಬಂದದ್ದೇ ಒಳ್ಳೆಯದಾಯಿತು. ಡಬ್ಬಿಯನ್ನು ಮೊಳೆಯಿಂದ ಇಳಿಸಿ ಬೋರಲು ಹಾಕಿ ನೋಡಿದೆ. ಕೆಳಗೊಂದು ಚೀಟಿ ಅಂಟಿಸಿತ್ತು. 192.168.1.1 ಎಂಬ ವಿಳಾಸ, ಯೂಸರ್ ಅಡ್ಮಿನ್, ಪಾಸ್‌ವರ್ಡ್ ಅಡ್ಮಿನ್. ಇಷ್ಟು ದಿನ ಅದರ ಮೇಲಿನ ಧೂಳು ಒರೆಸಿದವಳು ನಾನೇ, ಕೆಳಗೆ ನೋಡಿರಲಿಲ್ಲ. ಚೀಟಿಯಲ್ಲಿದ್ದ ಹೆಸರಿನ ವೈಫೈಗೆ ಫೋನನ್ನು ಸೇರಿಸಿ, ಹುಡುಕುವ ಜಾಗದಲ್ಲಿ ಆ ಅಂಕಿಗಳನ್ನು ಒತ್ತಿದರೆ ಒಂದು ಪುಟ ತೆರೆಯಿತು. ಒಂದು ಮಾತು ನೆನಪಿಡಿ, ಈ ಪುಟ ಹೊರಗಿನಿಂದ ಬರುವುದಲ್ಲ, ಡಬ್ಬಿಯ ಹೊಟ್ಟೆಯೊಳಗೇ ಇರುವಂಥದ್ದು. ಅದನ್ನು ತೆರೆಯಲು ಇಂಟರ್‌ನೆಟ್ ಬೇಕಿಲ್ಲ, ಡಬ್ಬಿಗೆ ಕರೆಂಟಿದ್ದರೆ ಸಾಕು.

ಪುಟವೆಲ್ಲ ಇಂಗ್ಲಿಷು. ವ್ಯಾನ್, ಗೇಟ್‌ವೇ, ಸಬ್‌ನೆಟ್ ಮಾಸ್ಕ್. ಕರೋನಾದ ಎರಡು ವರ್ಷ ಮಾಸ್ಕಿನಲ್ಲೇ ಪಾಠ ಹೇಳಿದ ನನಗೆ ಅದೊಂದು ಶಬ್ದ ಕಂಡು ನಗೆ ಬಂತು. ಆ ಮಾಸ್ಕಿಗೆ 255.255.255.0 ಎಂದಿತ್ತು, ಅದನ್ನು ಮುಟ್ಟುವ ಕಾರಣವೇ ಬರಲಿಲ್ಲ. ನೂರು ಖಾನೆಗಳಿರುವ ಆ ಪುಟದಲ್ಲಿ ನಾನು ತುಂಬಬೇಕಾದದ್ದು ಮೂರು. ಪಿಪಿಪಿಓಇ ಎಂದು ಬರೆದಲ್ಲಿ ಕಂಪನಿಯವರು ಕೊಟ್ಟ ಹೆಸರು, ಗುಪ್ತಪದ, ಅಲ್ಲೇ ಮೇಲೆ ವಿಲ್ಯಾನ್ ಅಂಕಿ. ಉಳಿಸು ಎಂದು ಒತ್ತಿದೆ. ಒಂದು ನಿಮಿಷಕ್ಕೆ ದೀಪ ಹಸಿರಾಯಿತು. ಬೆನ್ನ ಹಿಂದೆ ನಿಂತಿದ್ದ ನಮ್ಮವರು "ಬಂತಲ್ಲಾ!" ಎಂದರು, ತಾವೇ ತಂದವರ ಹಾಗೆ.

ಎಟಿಎಂ ಯಂತ್ರ ಕನ್ನಡ ಮಾತಾಡುತ್ತದೆ, ಫೋನು ಮಾತಾಡುತ್ತದೆ. ಮನೆಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ಡಬ್ಬಿಯ ಜೊತೆ ಒಂದು ಹಾಳೆ ಕನ್ನಡದಲ್ಲಿ ಅಚ್ಚುಹಾಕಿ ಕೊಡಲು ಏನು ಕಷ್ಟ? ಅಡುಗೆ ಗ್ಯಾಸಿನವರು ಸಿಲಿಂಡರು ಕೊಡುವಾಗ ರೆಗ್ಯುಲೇಟರು ಹೇಗೆ ತಿರುಗಿಸಬೇಕೆಂದು ಅಡುಗೆಮನೆಯೊಳಗೆ ಬಂದು ತೋರಿಸಿಕೊಟ್ಟರು, ಅದೂ ನಮಗೇ, ಹೆಂಗಸರಿಗೇ. ಬೆಂಕಿಯನ್ನು ನಂಬಿ ಕೊಟ್ಟವರಿದ್ದಾರೆ, ಎಂಟು ಅಕ್ಷರವನ್ನು ನಂಬಿ ಕೊಡುವವರಿಲ್ಲ.

ಅಂದಿನಿಂದ ನಾನು ತಿಳಿದುಕೊಂಡದ್ದೆಂದರೆ ಈ ಡಬ್ಬಿಗೆ ಮೂರು ಕೀಲಿಕೈ ಇವೆ. ಜನರಿಗೆ ಗೊತ್ತಿರುವುದು ಒಂದೇ. ವೈಫೈ ಪಾಸ್‌ವರ್ಡು ತಲಬಾಗಿಲಿನದು. ಬಂದ ಬೀಗರು, ಅವರ ಮಕ್ಕಳು, ಓಣಿಯ ಹುಡುಗರು ಎಲ್ಲರೂ ಕೇಳುವುದು ಅದನ್ನೇ. ನಮ್ಮ ಮನೆಯದನ್ನು ಆ ಹುಡುಗ ನಮ್ಮವರ ಮೊಬೈಲ್ ನಂಬರನ್ನೇ ಇಟ್ಟಿದ್ದನಂತೆ. ಊರಿನ ಅರ್ಧ ಜನರ ಫೋನಿನಲ್ಲಿ ಇರುವ ನಂಬರು ಅದು! ಎರಡನೆಯದು ಕಂಪನಿಯ ಯೂಸರ್‌ನೇಮು ಪಾಸ್‌ವರ್ಡು. ಅದು ಕರೆಂಟಿನ ಆರ್‌ಆರ್ ನಂಬರಿದ್ದ ಹಾಗೆ, ಡೈರಿಯಲ್ಲಿ ಬರೆದಿಡಬೇಕು. ಮೂರನೆಯದು ಅಡ್ಮಿನ್ ಎಂಬುದು, ತಿಜೋರಿಯ ಕೀಲಿಕೈ. ಅದು ಯಾರ ಕೈಲಿದೆಯೋ ಅವರು ಉಳಿದ ಎಲ್ಲ ಕೀಲಿಗಳನ್ನೂ ಬದಲಿಸಬಲ್ಲರು. ಯಾರು ಒಳಗೆ ಬರಬೇಕು, ಯಾರು ಬರಬಾರದು, ಎಷ್ಟು ಹೊತ್ತಿಗೆ ಬಾಗಿಲು ಹಾಕಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ನೂರಾರು ಮನೆಗಳಲ್ಲಿ ಆ ಮೂರನೆಯದು ಇನ್ನೂ ಅಡ್ಮಿನ್ ಅಡ್ಮಿನ್ ಎಂದೇ ಇದೆ. ತಿಜೋರಿಗೆ ಕೀಲಿ ಹಾಕಿ ಕೀಲಿಕೈಯನ್ನು ಅದಕ್ಕೇ ನೇತುಹಾಕಿದಂತೆ.

ನಮ್ಮಂಥ ಸಣ್ಣ ಊರಿಗೆ ಯಾವ ಕಳ್ಳ ಬರುತ್ತಾನೆ ಎಂದೀರಿ. 2016ರಲ್ಲಿ ಮಿರಾಯ್ ಎಂಬ ಕಳ್ಳ ಪ್ರೋಗ್ರಾಮೊಂದು ಜಗತ್ತೆಲ್ಲ ಸುತ್ತಿ, ಮನೆಗಳ ಕ್ಯಾಮೆರಾ, ರೌಟರುಗಳ ಬಾಗಿಲು ತಟ್ಟಿತು. ಅದರ ಕೈಯಲ್ಲಿದ್ದ ಆಯುಧ ಕಾರ್ಖಾನೆಯವರೇ ಇಟ್ಟ ಅಡ್ಮಿನ್ ಅಡ್ಮಿನ್‌ನಂಥ ಸುಮಾರು ಅರವತ್ತು ಜೋಡಿ ಹೆಸರು ಪಾಸ್‌ವರ್ಡು, ಅಷ್ಟೇ. ಅವುಗಳಿಂದಲೇ ಲಕ್ಷಾಂತರ ಡಬ್ಬಿಗಳು ಅದರ ವಶವಾದವು. ಆ ವರ್ಷ ಅಕ್ಟೋಬರ್ 21ರಂದು ಆ ಡಬ್ಬಿಗಳ ಸೈನ್ಯವನ್ನು ಒಂದೇ ಕಡೆಗೆ ನುಗ್ಗಿಸಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳು ತಾಸುಗಟ್ಟಲೆ ಸಿಗದಂತೆ ಮಾಡಿದರು. ಡಬ್ಬಿಯ ಮಾಲೀಕರಿಗೆ ತಮ್ಮ ಮನೆಯ ಗೋಡೆಯ ಮೇಲಿಂದ ಯುದ್ಧ ನಡೆದದ್ದು ತಿಳಿಯಲೂ ಇಲ್ಲ. ಬಾಗಿಲು ತಟ್ಟುವ ಯಂತ್ರಕ್ಕೆ ನ್ಯೂಯಾರ್ಕೂ ಒಂದೇ, ಅಣ್ಣಿಗೇರಿಯೂ ಒಂದೇ.

ಆದರೆ ನಾನು ಪೆನ್ನು ಹಿಡಿದದ್ದು ಅಮೆರಿಕದ ಕಳ್ಳರ ಸಲುವಾಗಿ ಅಲ್ಲ.

ನಮ್ಮ ಸಾಲೆಯಲ್ಲಿ ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಇದ್ದಳು. ಗಣಿತದಲ್ಲಿ ಸ್ವಲ್ಪ ಹಿಂದೆ, ಅದಕ್ಕೆ ಫೋನಿನಲ್ಲಿ ಪಾಠ ನೋಡಿ ಮನೆಯಲ್ಲಿ ಬಿಡಿಸುತ್ತಿದ್ದಳು. ಜನವರಿಯಿಂದ ಒಮ್ಮೆಲೆ ಮನೆಗೆಲಸ ತರುವುದು ನಿಂತಿತು. ಕೇಳಿದರೆ, "ನಮ್ಮಣ್ಣ ನನ್ನ ಫೋನಿಗೆ ನೆಟ್ಟು ಬಂದ್ ಮಾಡ್ಯಾನ್ರಿ ಅಕ್ಕಾರ. ಅಂವಂದು ಬರತೈತಿ, ಅಪ್ಪಂದು ಬರತೈತಿ, ನಂದಷ್ಟ ಬರಂಗಿಲ್ಲ" ಎಂದಳು. ಅವ್ವನಿಗೆ ಹೇಳಿದರೆ, "ಡಬ್ಬಿ ಕೆಟ್ಟಿರಬೇಕು" ಎಂದಳಂತೆ. ಡಬ್ಬಿ ಕೆಟ್ಟಿರಲಿಲ್ಲ. ಪ್ರತಿ ಫೋನಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅಡ್ಮಿನ್ ಪುಟದ ಒಂದು ಪಟ್ಟಿಯಲ್ಲಿ ಅದನ್ನು ಬರೆದರೆ ಆ ಫೋನು ಒಂದೇ ಹೊರಗೆ ನಿಲ್ಲುತ್ತದೆ. ಹೊಡೆಯಲಿಲ್ಲ, ಬಯ್ಯಲಿಲ್ಲ, ಫೋನು ಕಸಿಯಲಿಲ್ಲ. ತಂಗಿ ಸಂಜೆ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಯಾರೊಡನೆಯೋ ಮಾತಾಡಿದ್ದಕ್ಕೆ ಅಣ್ಣ ಬೆರಳ ತುದಿಯಿಂದ ಕೊಟ್ಟ ಶಿಕ್ಷೆ ಅದು. ಮನೆಯವರಿಗೆ ಕೂಡ ಕಾಣದ ಶಿಕ್ಷೆ.

ಈ ಮಾತನ್ನು ನಮ್ಮ ಸಿಬ್ಬಂದಿ ಕೋಣೆಯಲ್ಲಿ ಎತ್ತಿದಾಗ ಹಿರಿಯ ಶಿಕ್ಷಕರೊಬ್ಬರು, "ಅಣ್ಣ ಮಾಡಿದ್ದು ತಪ್ಪೇನ್ರಿ? ನೆಟ್ಟಿನಿಂದ ಹೆಣ್ಣುಮಕ್ಕಳು ಕೆಡತಾರ" ಎಂದರು. ಕೆಡುವುದಿಲ್ಲ ಎಂದು ನಾನು ವಾದಿಸಲಾರೆ, ಗಂಡುಮಕ್ಕಳು ಅದರಿಂದ ಕೆಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಕೆಟ್ಟ ಗಂಡುಮಗನ ಫೋನನ್ನು ಆ ಪಟ್ಟಿಗೆ ಸೇರಿಸಿದ ತಂಗಿಯನ್ನು ಇನ್ನೂ ಕಂಡಿಲ್ಲ. 2019ರಲ್ಲಿ ಕೇರಳದ ಕೋಳಿಕ್ಕೋಡಿನ ಕಡೆಯ ಕಾಲೇಜೊಂದರಲ್ಲಿ ಹುಡುಗಿಯರ ಹಾಸ್ಟೆಲಿನವರು ಸಂಜೆ 6ರಿಂದ ರಾತ್ರಿ 10ರವರೆಗೆ ಫೋನು ಮುಟ್ಟಬಾರದೆಂದು ನೇಮ ಮಾಡಿದರು. ಒಬ್ಬ ವಿದ್ಯಾರ್ಥಿನಿ ಒಪ್ಪಲಿಲ್ಲ. ಹಾಸ್ಟೆಲಿನಿಂದ ಹೊರಗೆ ಹಾಕಿದರು. ಆಕೆ ಹೈಕೋರ್ಟಿಗೆ ಹೋದಳು. ಇಂಟರ್‌ನೆಟ್ ದೊರಕಿಸಿಕೊಳ್ಳುವ ಹಕ್ಕು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗವೇ ಎಂದು ಹೇಳಿದ ನ್ಯಾಯಾಲಯ, ಆ ವರ್ಷ ಸೆಪ್ಟೆಂಬರಿನಲ್ಲಿ ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಹಾಸ್ಟೆಲಿನ ನೇಮ ಎಲ್ಲರಿಗೂ ತಿಳಿದಿತ್ತು, ಅದಕ್ಕೇ ಕೋರ್ಟಿಗೆ ಹೋಗಲು ಬಂತು. ಡಬ್ಬಿಯೊಳಗಿನ ಪಟ್ಟಿಯ ಮೇಲೆ ಯಾವ ಕೋರ್ಟಿಗೆ ಹೋಗುವುದು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇವೆ ಎಂದವರು ದೇಶದ ಗಂಡಸರಲ್ಲಿ ನೂರಕ್ಕೆ 57, ಹೆಂಗಸರಲ್ಲಿ 33. ಹಳ್ಳಿಗಳಲ್ಲಿ ಗಂಡಸರು 49, ಹೆಂಗಸರು 25. ಬಳಸುವುದರ ಲೆಕ್ಕವೇ ಹೀಗೆ. ಆ 25ರಲ್ಲಿ ಅಡ್ಮಿನ್ ಪುಟ ತೆರೆದವರೆಷ್ಟು ಎಂದು ಯಾವ ಸಮೀಕ್ಷೆಯವರೂ ನಮ್ಮ ಮನೆಗೆ ಬಂದು ಕೇಳಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೀಲಿಕೈ ಕೈಗೆ ಬಂದ ಹೊಸದರಲ್ಲಿ, ಐಪಿಎಲ್ ಪಂದ್ಯದ ಹುಚ್ಚಿನಲ್ಲಿ ಊಟಕ್ಕೆ ಏಳದ ನಮ್ಮವರ ಫೋನನ್ನು ನಾನೂ ಒಂದು ಸಂಜೆ ಆ ಪಟ್ಟಿಗೆ ಸೇರಿಸಿದ್ದೆ. "ಯಾಕೋ ಬರವಲ್ದು" ಎಂದು ಅವರು ಡಬ್ಬಿಯ ಮುಂದೆ ನಿಂತು ಬಡಿದಾಡುತ್ತಿದ್ದರೆ ರೊಟ್ಟಿ ಬಡಿಯುತ್ತ ಒಳಗೊಳಗೇ ನಕ್ಕೆ. ಆ ನಗು ಚಲೋ ನಗುವಾಗಿರಲಿಲ್ಲ. ಮರುದಿನ ತೆಗೆದುಹಾಕಿ ಅವರಿಗೆ ಹೇಳಿಯೂ ಬಿಟ್ಟೆ. ಎರಡು ದಿನ ಮಾತು ಬಿಟ್ಟರು. ಅಣ್ಣನ ಕೈಯಲ್ಲಿದ್ದರೆ ದಬ್ಬಾಳಿಕೆಯಾಗುವ ಕೀಲಿಕೈ ನನ್ನ ಕೈಗೆ ಬಂದರೆ ತಾನಾಗಿ ನ್ಯಾಯವಾಗುವುದಿಲ್ಲ. ಆದರೂ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ಕೀಲಿಗಿಂತ ಇಬ್ಬರಿಗೆ ಗೊತ್ತಿರುವ ಕೀಲಿ ಮೇಲು. ಈಗ ನಮ್ಮ ಮನೆಯ ಮೂರೂ ಡೈರಿಯಲ್ಲಿವೆ, ಡೈರಿ ದೇವರ ಮನೆಯ ಮಾಡದಲ್ಲಿದೆ.

ಗಂಡಸರ ಮೇಲೆ ಇಷ್ಟು ಹೇಳಿದ ಮೇಲೆ ನಮ್ಮವರಿಗೂ, ಅಂದರೆ ನಮಗೂ, ಎರಡು ಮಾತು ಹೇಳದಿದ್ದರೆ ಪಕ್ಷಪಾತವಾದೀತು. "ಅದೆಲ್ಲ ನಮಗೇನ್ ತಿಳೀತೈತಿ ಬಿಡ್ರಿ" ಎಂಬ ಮಾತನ್ನು ಯಾರು ಕಲಿಸಿದರು ನಮಗೆ? ಭಿಶಿಯ ಹನ್ನೆರಡು ಹೆಂಗಸರ ಪಾಳಿ, ಬಾಕಿ, ಬಡ್ಡಿ ಎಲ್ಲ ಬಾಯಲ್ಲೇ ಇಟ್ಟುಕೊಂಡವರು, ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ಕಿನಲ್ಲಿ ಬ್ಯಾಂಕಿನವರ ತಪ್ಪು ಹಿಡಿದವರು ನಾವು. ನಮ್ಮೂರ ಜಮಖಾನ ನೋಡಿ. ಎಳೆ ಎಣಿಸಿ ಎಣಿಸಿ ನವಿಲು ಮೂಡಿಸುವವರು ಮುಸ್ಲಿಂ ಮನೆಗಳ ಹೆಣ್ಣುಮಕ್ಕಳು. ಹಿಂದೆಲ್ಲ ಆ ವಿದ್ಯೆಯನ್ನು ಮಗಳಿಗೂ ಕಲಿಸುತ್ತಿರಲಿಲ್ಲವಂತೆ, ಮದುವೆಯಾಗಿ ಹೋದ ಮನೆಗೆ ಗುಟ್ಟು ಹೋದೀತೆಂದು. ಸೊಸೆಗೆ ಕಲಿಸುತ್ತಿದ್ದರಂತೆ. ಗುಟ್ಟು ಕಾಯುವುದನ್ನು ಅವರಿಗಿಂತ ಚೆನ್ನಾಗಿ ಬಲ್ಲ ಯಾವ ಕಂಪನಿ ಇದೆ? ಅಂಥ ಊರಿನಲ್ಲಿ ಕೂತು ಮೂರು ಖಾನೆ ತುಂಬಲು ಮೆದುಳಿಲ್ಲ ಎನ್ನುವುದು ಸೋಮಾರಿತನ. ಗಟ್ಟಿಯಾಗಿಯೇ ಹೇಳುತ್ತೇನೆ, ಸಿಟ್ಟಾದರೆ ಆಗಿ.

ಡಬ್ಬಿ ಎಲ್ಲಿರಬೇಕೆಂಬುದನ್ನೂ ನಾವು ಹೇಳುವುದಿಲ್ಲ. ಹುಡುಗ ಕೇಳಿದ್ದು ನಮ್ಮವರನ್ನು, ಅವರು ಫೋನಿನಲ್ಲೇ "ಟಿ.ವಿ. ಹಂತೇಕ ಹಾಕು" ಎಂದರು. ನಮ್ಮದು ಹಳೆಯ ಮಾಳಿಗೆ ಮನೆ, ಮಣ್ಣಿನ ಗೋಡೆ ಎರಡು ಮೊಳ ದಪ್ಪ. ಈ ಡಬ್ಬಿಗಳು ಎರಡು ಬಗೆಯ ಅಲೆ ಬಿಡುತ್ತವೆ. 5 ಗಿಗಾಹರ್ಟ್ಸ್‌ನದು ಬಹಳ ಚುರುಕು, ಆದರೆ ದಪ್ಪ ಗೋಡೆಗೆ ಸೋಲುತ್ತದೆ. 2.4ರದು ನಿಧಾನ, ಆದರೆ ದೂರ ಹೋಗುತ್ತದೆ. ಪಡಸಾಲೆಯಲ್ಲಿ ಸಿನಿಮಾ ಓಡುತ್ತಿತ್ತು, ಅಡುಗೆಮನೆಯ ಮೇಜಿನ ಮೇಲೆ ನನ್ನ ಫೋನು ಸುಮ್ಮನೆ ಗಿರ್ರನೆ ತಿರುಗುತ್ತಿತ್ತು. ಹನ್ನೆರಡು ಗಜ ಹೆಚ್ಚಿನ ವೈರು ತರಿಸಿ ಡಬ್ಬಿಯನ್ನು ನಡುಮನೆಗೆ ತಂದೆ. ಅದೇ ದಿನ ತಲಬಾಗಿಲಿನ ಪಾಸ್‌ವರ್ಡನ್ನೂ ಬದಲಿಸಿ, ಡಬ್ಲ್ಯುಪಿಎ2 ಎಂದಿರುವುದನ್ನು ಆರಿಸಿ, ಬಂದವರಿಗಾಗಿ ಗೆಸ್ಟ್ ಎಂಬ ಬೇರೆ ವೈಫೈ ತೆರೆದೆ. ಬೀಗರನ್ನು ಪಡಸಾಲೆಯಲ್ಲಿ ಕೂಡಿಸುತ್ತೇವೆ, ಕಾಳಿನ ಕೋಣೆಗೆ ಕರೆದೊಯ್ಯುತ್ತೇವೆಯೆ?

ಆ ಹುಡುಗಿಯ ಅವ್ವನನ್ನು ಸಾಲೆಗೆ ಕರೆಸಿ ಪಟ್ಟಿಯ ವಿಷಯ ಹೇಳಿದ್ದೆ. ನಂಬಲಿಲ್ಲ. "ನನ್ನ ಮಗಾ ಅಂಥಾಂವಲ್ಲ್ರಿ" ಎಂದು ಎದ್ದು ಹೋಗಿದ್ದಳು. ಪರೀಕ್ಷೆಗೆ ಮೂರು ವಾರ ಇದ್ದಾಗ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಸಂತೆಯ ಚೀಲ. ಚೀಲದೊಳಗೆ ಬಿಳಿಯ ಡಬ್ಬಿ, ಅದರ ಕರೆಂಟಿನ ವೈರು ಸಮೇತ. ಮಗ ಹುಬ್ಬಳ್ಳಿಗೆ ಹೋಗಿದ್ದನಂತೆ, ಸಂಜೆಯೊಳಗೆ ತಿರುಗಿ ಮೊಳೆಗೆ ಸಿಕ್ಕಿಸಬೇಕು. ಹಳದಿ ವೈರನ್ನು ಹೇಗೆ ಕಿತ್ತಳೋ ದೇವರೇ ಬಲ್ಲ. ಅದು ಗಾಜಿನ ಎಳೆ, ಮಡಚಿದರೆ ಮುರಿಯುತ್ತದೆ ಎಂದು ಬೈದೆ. "ಆಮ್ಯಾಲ ಬಯ್ರಿ, ಮೊದಲ ಅದು ಎಲ್ಲೈತಿ ತೋರಸ್ರಿ" ಎಂದಳು.

ಅಡುಗೆಮನೆಯ ಮೇಜಿನ ಮೇಲಿಟ್ಟು ಕರೆಂಟು ಕೊಟ್ಟೆ. ಬೋರಲು ಹಾಕಿ ಚೀಟಿ ಓದಿಸಿದೆ, ಏಳನೆಯ ಇಯತ್ತೆಯವರೆಗೆ ಕಲಿತವಳು, ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಅಡ್ಮಿನ್, ಅಡ್ಮಿನ್. ಮಗರಾಯ ಅದನ್ನು ಬದಲಿಸಿರಲಿಲ್ಲ. ಪಟ್ಟಿ ತೆರೆಯಿತು. ಎರಡು ಸಾಲು ಇದ್ದವು. ಮೊದಲನೆಯದರ ಎದುರು ಮಗಳ ಫೋನಿನ ಹೆಸರು. ಎರಡನೆಯದರ ಎದುರು ಬೇರೊಂದು ಕಂಪನಿಯ ಹೆಸರು.

"ಇದ್ಯಾರದು?" ಎಂದೆ.

ಸೆರಗಿನ ಗಂಟಿನಿಂದ ತನ್ನ ಫೋನು ತೆಗೆದು ಬೆನ್ನು ತಿರುಗಿಸಿ ನೋಡಿದಳು. ಮತ್ತೆ ಪರದೆಯನ್ನು ನೋಡಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾ ತವರಿಗೆ ಫೋನ್ ಮಾಡಿ ಭಾಳ ಮಾತಾಡ್ತೀನಿ ಅಂತಿದ್ದ" ಎಂದಳು. "ತಗೀರಿ ಅಕ್ಕಾರ ಎರಡೂನು."

ನಾನು ತೆಗೆಯಲಿಲ್ಲ. ಎಲ್ಲಿ ಒತ್ತಬೇಕೆಂದು ತೋರಿಸಿ ಫೋನನ್ನು ಅವಳ ಕೈಗೆ ಕೊಟ್ಟೆ. ಬೆರಳಿಗೆ ಹಿಟ್ಟು ಹತ್ತಿತ್ತು, ಸೆರಗಿಗೆ ಒರೆಸಿಕೊಂಡು ಒತ್ತಿದಳು. ಮೊದಲು ಮಗಳದು, ಆಮೇಲೆ ತನ್ನದು. ಹೊಸ ಪಾಸ್‌ವರ್ಡ್ ಏನಿಡುತ್ತೀ ಎಂದರೆ ನನಗೂ ಹೇಳಲಿಲ್ಲ. ಆ ಕಡೆ ಹೊರಳಿ ಕೂತು ತಾನೇ ಒಂದೊಂದೇ ಅಕ್ಷರ ಒತ್ತಿದಳು.